ಅಗಸೆ ಗಂಜಿಯ ಗುಂಗುರು

"ಬಿಸಿ ಚಿಮಟಿಗಿ ಬ್ಯಾಡ, ಬಾಜಾರದ ಕ್ರೀಮ್ ಬ್ಯಾಡ. ನಿನ್ನ ಗುಂಗುರು ಕೂದಲಾ ನಾ ಚಂದಂಗ ಕೂಡಸ್ತೇನಿ, ನೋಡತಿರು!"

ಎಪ್ಪತ್ತನಾಲ್ಕನೇ ಇಸವಿಯ ಒಂದು ರವಿವಾರ ಇಂಡಿ ಊರಿನ ಗುಮಾಸ್ತ ಸಿದ್ದರಾಯ ಹೀಗೆ ಘೋಷಿಸಿದಾಗ ಅಡುಗೆಮನೆಯೇ ದಂಗಾಯಿತು. ಎಂಟು ವರ್ಷದ ಸಂಸಾರದಲ್ಲಿ ಆ ಮಹಾಶಯ ಒಲೆಯ ಮುಂದೆ ಕುಳಿತದ್ದು ಊಟಕ್ಕೆ ಮಾತ್ರ!

ಹೆಂಡತಿ ಶೇವಂತೆವ್ವನ ಫೋಟೊ ಬೇಕೆಂದು ಬಸವನ ಬಾಗೇವಾಡಿಯಿಂದ ಅವಳ ತಾಯಿ ಹೇಳಿಕಳಿಸಿದ್ದಳು. ಮುದುಕಿಯ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಮದುವೆಯ ಫೋಟೊ ಇತ್ತು, ನಿಜ. ಅದರಲ್ಲಿ ಕಾಣುತ್ತಿದ್ದದ್ದು ಬಾಸಿಂಗ, ಮುಖವಲ್ಲ.

"ಅವ್ವಂದೂ ಇಂಥಾವ ಕೂದಲರಿ. ಎಣ್ಣಿ ಬಡದು ಒತ್ತಿ ಕಟ್ಟಿದ್ರ ಅಕಿಗೆ ನನ್ನ ಗುರ್ತ ಸಿಗೂದಿಲ್ಲ" ಎಂದಿದ್ದಳು ಶೇವಂತೆವ್ವ.

ಸಿದ್ದರಾಯ ಅಗಸೆ ಬೀಜ ಕುದಿಸಿದ, ಲೋಳೆಯನ್ನು ಸೋಸಿದ, ದಾಸವಾಳದ ಎಲೆಯ ರಸ ಬೆರೆಸಿ ಗಡಿಗೆಯನ್ನು ಆರಲಿಟ್ಟ. ಪಕ್ಕದಲ್ಲೇ ಅವನ ತಾಯಿ ಶಂಕ್ರೆವ್ವ, ಮೊನ್ನೆ ಕರು ಹಾಕಿದ ಎಮ್ಮೆಗೆಂದು ಬೆಲ್ಲ ಹಾಕಿ ಕಾಸಿದ ಅಗಸೆ ಗಂಜಿಯನ್ನೂ ಆರಲಿಟ್ಟಿದ್ದಳು. ಎರಡೂ ಗಡಿಗೆ ಒಂದೇ ಅಳತೆ, ಎರಡರಲ್ಲೂ ಅದೇ ಲೋಳೆ. ನಮ್ಮ ಕೇಶಪಂಡಿತ ಎತ್ತಿಕೊಂಡದ್ದು ಎಮ್ಮೆಯ ಗಡಿಗೆ!

ತನ್ನದೇ ಧೋತರ ಹರಿದು ಪಟ್ಟಿ ಮಾಡಿದ. ಹೆಂಡತಿಯ ಒದ್ದೆ ಕೂದಲಿನ ಎಳೆಎಳೆಗೂ ಲೋಳೆ ಸವರಿ ಪಟ್ಟಿಗೆ ಸುತ್ತಿದ. ಅತ್ತ ಶಂಕ್ರೆವ್ವ ಇನ್ನೊಂದು ಗಡಿಗೆಯನ್ನು ಎಮ್ಮೆಯ ಮುಂದಿಟ್ಟರೆ, ಅದು ಮೂಸಿ ಮುಖ ತಿರುಗಿಸಿತು.

ಮಧ್ಯಾಹ್ನ ಸಿದ್ದರಾಯ ಪಟ್ಟಿ ಬಿಚ್ಚಿದ. ಕಪ್ಪು ಸುರುಳಿಗಳು ಒಂದೊಂದಾಗಿ ಜಾರಿ ಬೆನ್ನು ತುಂಬಿ ಸೊಂಟದವರೆಗೆ ಇಳಿದವು. ಎಂಟು ವರ್ಷ ಒಂದೇ ಸೂರಿನಡಿ ಇದ್ದೂ ಈ ಕೂದಲನ್ನು ಹಗಲಿನಲ್ಲಿ ಬಿಚ್ಚಿ ನೋಡಿಯೇ ಇರಲಿಲ್ಲವಲ್ಲ! ಅವನಿಗೆ ಕೈಮುಗಿಯಬೇಕೆನ್ನಿಸಿತು.

"ಅಯ್ಯ ಶಿವನ! ಇಷ್ಟ ದಿನ ಇದನ್ನ ಎಲ್ಲಿ ಮುಚ್ಚಿಟ್ಟಿದ್ಯವ್ವಾ?" ಎಂದು ಶಂಕ್ರೆವ್ವ ಗಲ್ಲಕ್ಕೆ ಕೈ ಹಚ್ಚಿ ನಿಂತಳು. ಫೋಟೊ ತೆಗೆಯಲು ಬಂದ ಬಾಬುಲಾಲನಂತೂ ಚಪ್ಪಲಿ ಕಳಚುವುದನ್ನೂ ಮರೆತ.

"ಎಲ್ಲಾ ನನ್ನ ಕೈಗುಣ!" ಎಂದ ಸಿದ್ದರಾಯ ಉಳಿದ ಲೋಳೆಯನ್ನು ತನ್ನ ಮುಂಗೂದಲಿಗೂ ಧಾರಾಳವಾಗಿ ಬಳಿದುಕೊಂಡ.

"ರೀಲಿನ್ಯಾಗ ಒಂದ ಫೋಟೊ ಉಳದೈತ್ರಿ. ಬೆಳಕ ಅಂಗಳದಾಗ ಚಲೋ ಐತಿ, ಬರ್ರಿ" ಎಂದ ಬಾಬುಲಾಲ.

ಅಂಗಳದಲ್ಲಿ ಹಸಿದ ಎಮ್ಮೆ ಇತ್ತು. ಗಾಳಿಯಲ್ಲಿ ಬೆಲ್ಲದ ವಾಸನೆ ಬಂದದ್ದೇ ತಡ, ಗೂಟ ಕಿತ್ತುಕೊಂಡು ನೇರ ಶೇವಂತೆವ್ವನ ಕಡೆಗೆ ನುಗ್ಗಿತು! ಇರುವ ಒಂದೇ ಫೋಟೊ, ಅತ್ತೆಯ ಮಂಜುಗಣ್ಣು, ಆ ಸುರುಳಿಗಳು! ಸಿದ್ದರಾಯ ಎರಡೂ ಕೈ ಅಗಲಿಸಿ ಅಡ್ಡ ನಿಂತ. ಮೊಳದುದ್ದದ ನಾಲಿಗೆ ಅವನ ಗದ್ದದಿಂದ ಮುಂಗೂದಲಿನವರೆಗೆ ಒಂದೇ ಏಟಿಗೆ ಸವರಿಕೊಂಡು ಹೋಯಿತು. ಬಾಬುಲಾಲ ಗುಂಡಿ ಒತ್ತಿಬಿಟ್ಟ.

"ಎಮ್ಮಿ ಗಂಜಿ ಯಾಕ ಕುಡೀಲಿಲ್ಲಂತ ಈಗ ತಿಳೀತು!" ಎಂದು ಶಂಕ್ರೆವ್ವ ಹಣೆ ಬಡಿದುಕೊಂಡಳು.

ಫೋಟೊ ಅದ್ಭುತವಾಗಿ ಬಂತು. ನಗುತ್ತಿರುವ ಶೇವಂತೆವ್ವನ ಒಂದೊಂದು ಸುರುಳಿಯೂ ಎಣಿಸುವಷ್ಟು ಸ್ಪಷ್ಟ. ಪಕ್ಕದಲ್ಲಿ ಎಮ್ಮೆಯ ಮೋರೆ, ಅದರ ಕೆಳಗೆ ತಲೆಯಿಲ್ಲದ ಒಂದು ಅಂಗಿ. ಹದಿನೈದು ದಿನಕ್ಕೆ ಬಾಗೇವಾಡಿಯಿಂದ ಕಾಗದ ಬಂತು: "ಮಗಳ ಗುರ್ತ ಸಿಕ್ತು, ಕಣ್ಣ ತಣ್ಣಗಾದುವು. ಎಮ್ಮಿನೂ ಚಲೋ ಐತಿ. ಅಳಿಯಂದಿರು ಊರಾಗ ಇರಲಿಲ್ಲೇನು?"

ಸಿದ್ದರಾಯ ಮುಖ ಸಣ್ಣದು ಮಾಡಿಕೊಂಡ. "ಹಚ್ಚೂ ಮುಂದ ಗಡಿಗಿ ಬದಲಾಗಿದ್ದು ಯಾರಿಗೂ ತಿಳೀಲಿಲ್ಲ ನೋಡು."

"ನನಗ ತಿಳದಿತ್ರಿ. ಮೊದಲನೇ ಹನಿ ತುಟಿಗೆ ಇಳದಾಗನ ಸಿಹಿ ಹತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

ಶೇವಂತೆವ್ವ ಸುರುಳಿಯೊಂದನ್ನು ಬೆರಳಿಗೆ ಸುತ್ತಿಕೊಂಡಳು. "ಎಂಟು ವರ್ಷದಾಗ ಮೊದಲನೇ ಸಲ ನನ್ನ ತಲಿ ಮ್ಯಾಲ ಕೈ ಇಟ್ಟಿದ್ರಿ. ಹೇಳಿದ್ರ ತಗದಬಿಡ್ತಿದ್ರಲ್ಲ!"