ಇಂಧನ ಉಳಿಸಿದ ದಿನ

ಗೊರೇಬಾಳದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಇಂಧನ ಉಳಿತಾಯದ ಪಾಠ ಮುಗಿಸಿ, ಹೊಗೆ ಕಾರುವ ಹಳೆಯ ಡೀಸೆಲ್ ಜೀಪು ಏರಿ ಸಿಂಧನೂರಿನ ಮನೆಗೆ ಹೋಗುತ್ತಿದ್ದೆ. ಅಂಥದ್ದರಲ್ಲಿ, ಹಳೆಯ ಗಾಡಿ ಗುಜರಿಗೆ ಹಾಕಿದವರಿಗೆ ಹೊಸ ಕಾರಿನ ತೆರಿಗೆಯಲ್ಲಿ ಸರಕಾರದ ರಿಯಾಯಿತಿ ಎಂದು ಪೇಪರಿನಲ್ಲಿ ಓದಿದೆ. ದೇಶವೇ ನನ್ನ ಹೆಸರು ಹಿಡಿದು ಕರೆದಂತಾಯಿತು!

ಹೆಂಡತಿ ರೆಹಾನಾ ಮಾತ್ರ ಒಪ್ಪಲಿಲ್ಲ. "ನಿಮ್ಮ ಮನಿ ಮಂದಿ ಹತ್ತು ಜನಕ್ಕಿಂತ ಕಡಿಮಿ ಯಾವಾಗರೆ ಹೊಂಟಾರೇನ್ರೀ? ಆ ಸಣ್ಣ ಕಾರಿನ್ಯಾಗ ಎಲ್ಲಿ ಕುಂದ್ರಸ್ತೀರಿ?"

"ಸ್ವಲ್ಪ ದೇಶದ ಬಗ್ಗೆನೂ ವಿಚಾರ ಮಾಡು."

"ದೇಶ ಇರಲಿ, ನಿಮ್ಮ ಫುಫುಗೆ ಒಬ್ಬಾಕಿಗೇ ಎರಡು ಸೀಟು ಬೇಕು!"

ಫುಫು ಎಂದರೆ ನನ್ನ ಸೋದರತ್ತೆ. ರೆಹಾನಾಳ ಮಾತು ಸುಳ್ಳಲ್ಲ. ಆದರೂ ಜೀಪು ಗುಜರಿಗೆ ಹೋಯಿತು. ಲೀಟರಿಗೆ ಬೇಕಾದಷ್ಟು ಓಡುವ ಪುಟ್ಟ ಪೆಟ್ರೋಲ್ ಕಾರು ಬಂತು. ಓಣಿಗೆಲ್ಲ ಪೇಢಾ ಹಂಚಿದೆ.

ಸ್ವಲ್ಪ ದಿನಕ್ಕೆ ಅಣ್ಣನ ಮಗ ಸಮೀರನ ಮಂಗ್ನಿ, ಅಂದರೆ ನಿಶ್ಚಿತಾರ್ಥ, ಮುದಗಲ್ಲಿನಲ್ಲಿ ಗೊತ್ತಾಯಿತು. ಅಣ್ಣ ಬಾಡಿಗೆ ಟೆಂಪೊ ಹೇಳುತ್ತೇನೆಂದ. "ಮನ್ಯಾಗ ಹೊಸಾ ಕಾರ್ ಇಟ್ಗೊಂಡು ಟೆಂಪೊನಾ?" ಎಂದು ತಡೆದೆ. ಮೊದಲು ಎಲ್ಲರನ್ನೂ ಕಂತಿನಲ್ಲಿ ಮಸ್ಕಿಗೆ ಮುಟ್ಟಿಸುವುದು, ಅಲ್ಲಿಂದ ಲಿಂಗಸುಗೂರಿಗೆ, ಅಲ್ಲಿಂದ ಮುದಗಲ್ಲಿಗೆ. ಎಲ್ಲರೂ ಒಟ್ಟಿಗೇ ಬೀಗರ ಬಾಗಿಲಲ್ಲಿ ಇಳಿಯಬೇಕು. ಇದನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದು ವಿವರಿಸಿದೆ. ಯಾರಿಗೂ ತಿಳಿಯಲಿಲ್ಲ. ವಿಜ್ಞಾನ ತಿಳಿಯದ ಮಂದಿ!

ಮೊದಲ ಕಂತಿನಲ್ಲಿ ಅಮ್ಮ, ಅತ್ತಿಗೆ, ಸಮೀರ ಮತ್ತು ಅಮ್ಮನ ತಂಗಿ ಖಾಲಾ. ನಾಲ್ವರನ್ನೂ ಮಸ್ಕಿಯ ಚಹಾದಂಗಡಿಯಲ್ಲಿ ಕೂರಿಸಿ ಹಿಂತಿರುಗಿದೆ. ಎರಡನೆಯ ಕಂತಿನಲ್ಲಿ ಫುಫು, ರೆಹಾನಾ ಮತ್ತು ಮಿಠಾಯಿ ಬುಟ್ಟಿಗಳು. ಮಸ್ಕಿಯಲ್ಲಿ ಕಾರು ನಿಂತದ್ದೇ ತಡ, ಫುಫು ಕಿಟಕಿಯಿಂದ ಇಣುಕಿದರು.

"ಆಕಿ ಕುಂತಾಳ. ನಾ ಇಳಿಯಂಗಿಲ್ಲ."

ಎಂದೋ ಒಂದು ಮದುವೆಯಲ್ಲಿ ಖಾಲಾ ಬಡಿಸಿದ ಬಿರಿಯಾನಿಯಲ್ಲಿ ಫುಫು ತಟ್ಟೆಗೆ ಬರೀ ಎಲುಬು ಬಿದ್ದಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ನನ್ನ ಗೋಡೆ ಲೆಕ್ಕದಲ್ಲಿ ಈ ಎಲುಬು ಇರಲಿಲ್ಲ!

ವಿಧಿಯಿಲ್ಲದೆ ನೇರ ಲಿಂಗಸುಗೂರಿಗೆ ಬಿಟ್ಟೆ. ಅರ್ಧ ದಾರಿಯಲ್ಲಿ ಫೋನು ಬಂತು. ಹೊಸ ಕಾರಿನಲ್ಲಿ ಫೋನಿನ ಮಾತು ಕಾರಿನ ಸ್ಪೀಕರಿಗೇ ಬರುತ್ತದೆ. ಬಂದ್ ಮಾಡಲೆಂದು ಯಾವುದೋ ಗುಂಡಿ ಒತ್ತಿದೆ. ಚಾಲೂ ಆಯಿತು.

"ಅರೇ ಬೇಟಾ, ನಮ್ಮನ್ನ ಬಿಟ್ಟು ಎಲ್ಲಿ ಹೊಂಟಿ?" ಖಾಲಾ ಧ್ವನಿ.

"ಯಾರದು? ಆ ಎಲುಬಿನಾಕಿ ಏನು?" ಎಂದರು ಫುಫು. ಕಾರಿನ ಮೈಕು ಬಹಳ ಚುರುಕು. ಕಂಪನಿಯವರು ಹೇಳಿದ್ದು ಅಕ್ಷರಶಃ ನಿಜ!

"ಕೇಳಿದೆ! ಎಲ್ಲಾ ಕೇಳಿದೆ!" ಎಂದು ಸ್ಪೀಕರು ಗುಡುಗಿತು. "ನಿನ್ನ ಕಾರೂ ಬ್ಯಾಡ, ನೀನೂ ಬ್ಯಾಡ. ನಾವು ಬಸ್ ಹತ್ತಾಕತ್ತೀವಿ!"

ಖಾಲಾ ಮುನಿಸಿಕೊಂಡು ಮನೆಗೆ ಹೊರಟರೆ ಅಮ್ಮನೂ ಅವಳ ಹಿಂದೆಯೇ ಹೊರಡುತ್ತಾಳೆ. ಹುಡುಗಿಗೆ ಹಾಕುವ ಉಂಗುರ ಅಮ್ಮನ ಕೈಚೀಲದಲ್ಲಿದೆ! ಫುಫು, ರೆಹಾನಾ, ಬುಟ್ಟಿಗಳನ್ನು ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ಮಸ್ಕಿಗೆ ಹಾರಿದೆ. ಚಹಾದಂಗಡಿ ಖಾಲಿ. ಫೋನನ್ನೂ ಯಾರೂ ಎತ್ತಲಿಲ್ಲ. ಸಿಂಧನೂರಿಗೇ ಹೋಗಿರಬೇಕೆಂದು ಅಲ್ಲಿಗೂ ಓಡಿದೆ. ಮನೆಗೆ ಕೀಲಿ ಹಾಕಿತ್ತು. ಪಕ್ಕದ ಮನೆಯ ಬಸಮ್ಮ ಹೇಳಿದಳು: "ನಿಮ್ಮಣ್ಣಾರು ಉಳಿದವ್ರನ್ನ ಕರ್ಕೊಂಡು ಬಸ್ಸಿಗೆ ಹೋಗ್ಯಾರ್ರೀ ಸರ. ನಿಮ್ಮನ್ನ ಕಾದು ಕಾದು ಸಾಕಾತಂತ."

ಅಷ್ಟರಲ್ಲಿ ಕಾರಿನಲ್ಲಿ ಪೆಟ್ರೋಲ್ ದೀಪ ಹತ್ತಿತು. ಆ ದಾರಿಯನ್ನು ಜೀಪು ಒಂದೇ ಸಲ ಎಲ್ಲರನ್ನೂ ಹೊತ್ತು, ಕೆಮ್ಮುತ್ತ ಕೆಮ್ಮುತ್ತ ಮುಗಿಸುತ್ತಿತ್ತು. ಇಂಧನ ಉಳಿಸಲೆಂದೇ ಹುಟ್ಟಿದ ಕಾರಿಗೆ ಟ್ಯಾಂಕು ತುಂಬಿಸಿ ಮತ್ತೆ ಹೊರಟೆ. ಈ ಸಲ ಪೂರ್ತಿ ಕಾರಿನಲ್ಲಿ ನಾನೊಬ್ಬನೇ!

ಮಸ್ಕಿ ದಾಟಿದ ಮೇಲೆ ರೆಹಾನಾ ಫೋನು ಮಾಡಿದಳು. ಖಾಲಾ ಹತ್ತಿದ್ದ ಬಸ್ಸು ಮುದಗಲ್ಲಿನದೇ. ಅದು ಲಿಂಗಸುಗೂರಿಗೆ ಬಂದಾಗ ಫುಫು, ರೆಹಾನಾ ಇಬ್ಬರೂ ಹತ್ತಿದ್ದರು. ಖಾಲಿ ಇದ್ದದ್ದು ಒಂದೇ ಸೀಟು, ಅದೂ ಖಾಲಾ ಪಕ್ಕದಲ್ಲಿ. ಫುಫು ಅಲ್ಲೇ ಕೂರಬೇಕಾಯಿತಂತೆ.

"ಬಡಿದಾಡಿದ್ರೇನು?" ಎಂದೆ.

"ಎಲ್ಲೀದ್ರೀ! ಇಬ್ರೂ ಕೂಡಿ ಮುದಗಲ್ ತನಕ ನಿಮ್ಮನ್ನ ಬೈದ್ರು. ಈಗ ಒಂದೇ ತಾಟಿನ್ಯಾಗ ಉಣ್ಣಾಕತ್ತಾರ. ಉಂಗುರ ಹಾಕೋದೂ ಮುಗೀತು. ನೀವು ಸಾವಕಾಶ ಬರ್ರಿ."

ಮುದಗಲ್ಲಿಗೆ ಮುಟ್ಟಿದಾಗ ಅಂಗಿ ಬೆವರಿನಲ್ಲಿ ತೊಯ್ದು ಹೋಗಿತ್ತು. ಹುಡುಗಿಯ ಕಡೆಯ ಹಿರಿಯರೊಬ್ಬರು ನನ್ನ ಮುಖ ನೋಡಿದರು, ಕೈಯಲ್ಲಿದ್ದ ಕಾರಿನ ಕೀಲಿಕೈ ನೋಡಿದರು. ಬಹಳ ಪ್ರೀತಿಯಿಂದ, "ಡ್ರೈವರ್ ಸಾಬ್, ನಿಮ್ಮ ಊಟ ಹಿಂದಿನ ಕಡಿ ಐತಿ. ಹೋಗ್ರಿ, ಬಿಸಿ ಐತಿ" ಎಂದರು.

'ನಾನು ಹುಡುಗನ ಚಿಕ್ಕಪ್ಪ' ಎನ್ನಬೇಕೆಂದು ಬಾಯಿ ತೆರೆದೆ. ಹಸಿವು ತಡೆಯಿತು. ಸುಮ್ಮನೆ ಹಿಂದಕ್ಕೆ ಹೋಗಿ ಡ್ರೈವರುಗಳ ಸಾಲಿನಲ್ಲಿ ಕುಳಿತೆ. ಖಾಲಿ ಕಾರಿನಿಂದ ನಾನೊಬ್ಬನೇ ಇಳಿದದ್ದನ್ನು ನೋಡಿದ್ದ ಪಕ್ಕದವನು ಕೇಳಿದ:

"ಹೊಸಬರೇನ್ರೀ ಈ ಲೈನಿಗೆ?"

"ಹೌದ್ರಿ, ಇವತ್ತ ಮೊದಲು."

"ಹಂಗೇ ಅಕ್ಕೈತಿ. ಆದ್ರ ಮಂದೀನ್ನ ಹತ್ತಿಸ್ಗೊಂಡು ಬರೋದು ಮಾತ್ರ ಮರೀಬ್ಯಾಡ್ರಿ!" ಎಂದ.