ಮೂವತ್ತಡಿ ಗಳದ ಮೇಲಿನ ಗಾಳಿ

ಬುದ್ಧಿವಂತರು ಹೆಚ್ಚಿರುವ ಬೀದಿಯಲ್ಲಿ ಒಂದು ಕೆಲಸವೂ ನೆಟ್ಟಗೆ ಆದದ್ದನ್ನು ನಾನು ಕಂಡಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಜಯನಗರದಲ್ಲಿ ಬಾಡಿಗೆಗಿದ್ದೆ. ಅಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆಷಾಢ ಬಂತೆಂದರೆ ಗಾಳಿ ಹೆಂಚನ್ನೇ ಎತ್ತುತ್ತಿತ್ತು. ಇದನ್ನು ಆಫೀಸಿನಲ್ಲಿ ಹೇಳಿದ್ದಕ್ಕೆ ವಿಲ್ಸನ್ ಗಾರ್ಡನ್ನಿನಲ್ಲಿದ್ದ ನಮ್ಮ ಸಾಹೇಬರು ಎಲ್ಲರೆದುರು ನಕ್ಕರು.

"ಅದು ಗಾಳಿಯಲ್ಲ ರೀ, ಬರೀ ಧೂಳು. ಒಂದು ಆಷಾಢ ಪೂರ್ತಿ ಅಳೆದು ತಂದು ತೋರಿಸಿ, ನಂಬ್ತೀನಿ."

ಮೈಯೆಲ್ಲ ಉರಿಯಿತು. ತೋರಿಸಿಯೇ ತೀರುತ್ತೇನೆಂದು ಹಟ ತೊಟ್ಟೆ.

೧. ಮುಹೂರ್ತ

ತಗಡು ಕೆಲಸದವನಿಂದ ನಾಲ್ಕು ಬಟ್ಟಲು ಮಾಡಿಸಿದೆ. ಗಾಳಿಗೆ ಅವು ತಿರುಗಿದಂತೆಲ್ಲ ಕೆಳಗೆ ಜಗಲಿಯಲ್ಲಿಟ್ಟ ಮೀಟರಿನ ಅಂಕಿ ಏರಬೇಕು. ಜೊತೆಗೆ ದಿಕ್ಕು ತೋರಿಸಲು ಒಂದು ಬಾಣ. ಬಟ್ಟಲು, ಬಾಣ ಎರಡನ್ನೂ ಮೂವತ್ತಡಿಯ ಸರ್ವೆ ಮರದ ಗಳದ ತುದಿಗೆ ಬಿಗಿದು ಹಿತ್ತಲಲ್ಲಿ ನಿಲ್ಲಿಸಲು ಹೊರಟಾಗ ಮನೆ ಮಾಲೀಕರು ಅಡ್ಡ ಬಂದರು. ಅದೇ ನೆಲದಲ್ಲಿ ಹಿಂದೆ ರಾಗಿ ಬೆಳೆದು, ಈಗ ಮನೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದವರು.

"ಆಷಾಢದಲ್ಲಿ ಯಾರಾದ್ರೂ ಕಂಬ ನಿಲ್ಲಿಸ್ತಾರಾ ಸ್ವಾಮಿ?"

"ಆಷಾಢದ ಗಾಳಿ ಅಳೆಯೋಕೇ ಅಲ್ವಾ ಯಜಮಾನ್ರೇ, ಈ ಕಂಬ?"

"ಅಳೀರಿ, ಬೇಡ ಅಂದೋರ್ಯಾರು? ಶ್ರಾವಣ ಬರ್ಲಿ, ಆಮೇಲೆ ಅಳೀರಿ."

ಆ ವರ್ಷದ ಆಷಾಢ ಹಾಗೇ ಕೈತಪ್ಪಿತು. ಶ್ರಾವಣದಲ್ಲಿ ಪೂಜೆ ಮಾಡಿ, ಕಾಯಿ ಒಡೆದು, ಗಳ ನಿಲ್ಲಿಸಿದೆವು. ಆ ಹೊತ್ತಿಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಮಾಲೀಕರು ತಲೆಯೆತ್ತಿ ಬಟ್ಟಲುಗಳನ್ನು ನೋಡಿ ಹಿಗ್ಗಿದರು.

"ಮುಹೂರ್ತ ಅಂದ್ರೆ ಹಿಂಗಿರ್ಬೇಕು. ಒಂಚೂರಾದ್ರೂ ಅಲ್ಲಾಡ್ತಾ, ನೋಡಿ!"

೨. ಸೀರೆ

ಗಳ ಬೀಳದಂತೆ ಮೂರು ಕಡೆ ತಂತಿ ಎಳೆದು ಕಟ್ಟಿದ್ದೆ. ಮಾರನೆಯ ದಿನವೇ ಅವುಗಳ ಮೇಲೆ ಮಾಲೀಕರ ಹೆಂಡತಿಯ ಸೀರೆಗಳು.

"ಅಮ್ಮಾ, ಇದು ಗಾಳಿ ಅಳೆಯೋದು" ಎಂದೆ.

"ಅದಕ್ಕೆ ಇಷ್ಟುದ್ದ ಗಳ ಯಾಕಪ್ಪಾ? ಸೀರೆ ಬೇಗ ಒಣಗಿದ್ರೆ ಗಾಳಿ ಜೋರು, ಒಣಗದಿದ್ರೆ ಇಲ್ಲ."

ಇಡೀ ಬೀದಿಯಲ್ಲಿ ಬುದ್ಧಿಯ ಮಾತಾಡಿದವರು ಅವರೊಬ್ಬರೇ. ಆದರೆ ಸಾಹೇಬರ ಮೇಜಿನ ಮೇಲೆ ಸೀರೆ ಹರವಲು ಬರುತ್ತದೆಯೇ?

೩. ನೋಟಿಸು

ನಮ್ಮ ಪಶ್ಚಿಮಕ್ಕಿದ್ದ ಮನೆ ನಿವೃತ್ತ ವಕೀಲರದು. ಜಗಳವಿಲ್ಲದೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

"ನಿಮ್ಮ ಬಾಣ ಮೂರು ಹೊತ್ತೂ ನಮ್ಮ ಮನೆಗೇ ಯಾಕ್ರೀ ಗುರಿ ಇಟ್ಟಿರುತ್ತೆ?"

"ಗಾಳಿ ಬರೋ ಕಡೆಗೆ ತಿರುಗುತ್ತೆ ಸಾರ್. ಈಗ ಪಶ್ಚಿಮದ ಗಾಳಿ."

"ಅಂದ್ರೆ ಗಾಳಿಗೂ ನಾವೇ ಜವಾಬ್ದಾರರಾ?"

ಮರುದಿನ ನೋಟಿಸು ಬಂತು. ಹದಿನೈದು ದಿನದೊಳಗೆ ಬಾಣದ ಮುಖ ಬೇರೆ ಕಡೆಗೆ ತಿರುಗಿಸತಕ್ಕದ್ದು. ನಾನು ಅದನ್ನು ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಕೊಟ್ಟೆ. ಅಷ್ಟರಲ್ಲಿ ಮಳೆಗಾಲ ಮುಗಿದು ಮೂಡಣ ಗಾಳಿ ಶುರುವಾಯಿತು, ಬಾಣ ತಾನಾಗಿಯೇ ಪೂರ್ವಕ್ಕೆ ತಿರುಗಿತು. ವಕೀಲರು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು.

"ನಲವತ್ತು ವರ್ಷದ ಪ್ರ್ಯಾಕ್ಟೀಸು ರೀ! ಒಂದೇ ನೋಟಿಸು, ತಿರುಗಿಸಿಬಿಟ್ಟ."

೪. ಆಷಾಢ

ಅಂತೂ ಮತ್ತೆ ಆಷಾಢ ಬಂತು. ಸರಿಯಾಗಿ ಅದೇ ತಿಂಗಳು ಸಾಹೇಬರು ನನ್ನನ್ನು ಪರವೂರಿನ ಕೆಲಸಕ್ಕೆ ಹಾಕಿದರು. ವಿಧಿಯಿಲ್ಲದೆ ಅಂಕಿ ಬರೆದಿಡುವ ಪುಸ್ತಕವನ್ನು ಮಾಲೀಕರ ಕೈಗಿಟ್ಟೆ.

"ಯಜಮಾನ್ರೇ, ದಿನಾ ಬೆಳಗ್ಗೆ ಆರು ಗಂಟೆಗೆ ಮೀಟರಲ್ಲಿ ಎಷ್ಟಿದೆಯೋ ಅಷ್ಟು ಬರೀರಿ. ನನ್ನ ಮಾನ ನಿಮ್ಮ ಕೈಲಿದೆ."

"ನೀವು ನಿಶ್ಚಿಂತೆಯಾಗಿ ಹೋಗ್ಬನ್ನಿ" ಎಂದರು.

ತಿಂಗಳು ಕಳೆದು ಬಂದವನೇ, ಚಪ್ಪಲಿ ಕೂಡ ಬಿಡದೆ ಪುಸ್ತಕ ತೆರೆದೆ. ಮುದ್ದಾದ ಅಕ್ಷರ, ಒಂದು ದಿನವೂ ತಪ್ಪಿಲ್ಲ, ಪ್ರತಿ ಸಾಲಿಗೂ ಸಹಿ. ಆದರೆ ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ಅಂಕಿ.

"ಈ ಸಲ ಗಾಳಿಯೇ ಬೀಸಲಿಲ್ವಾ?" ಎಂದೆ.

"ಅಯ್ಯೋ, ಎಂಥಾ ಗಾಳಿ ಅಂತೀರಿ! ನನ್ನ ಜೀವಮಾನದಲ್ಲೇ ನೋಡಿರ್ಲಿಲ್ಲ. ದನದ ಕೊಟ್ಟಿಗೆ ಹೆಂಚೆಲ್ಲ ಹಾರ್ಹೋಯ್ತು."

ಹಿತ್ತಲಿಗೆ ಓಡಿದೆ. ಗಳ ಗಟ್ಟಿಯಾಗಿ ನಿಂತಿತ್ತು. ಅದರ ತುದಿಯಲ್ಲಿ ಬಟ್ಟಲೂ ಬಾಣವೂ ಸೇರಿ ಒಂದು ಗೋಣಿಚೀಲದೊಳಗೆ ಇದ್ದವು, ಮೇಲೆ ಹುರಿಹಗ್ಗದ ಬಿಗಿ ಸುತ್ತು. ನನಗೆ ಅಳು ಬಂತು, ನಿಜಕ್ಕೂ ಬಂತು.

ಮಾಲೀಕರು ಹಿಂದಿನಿಂದ ಬಂದು ನನ್ನ ಬೆನ್ನು ತಟ್ಟಿದರು.

"ನೀವು ಹೋದ ದಿನಾನೇ ಉದ್ದದ ಏಣಿ ಹಾಕಿಸಿ ಚೀಲ ಕಟ್ಟಿಸ್ಬಿಟ್ಟೆ. ಆ ಗಾಳಿಗೆ ಸಿಕ್ಕಿದ್ರೆ ಉಳೀತಿತ್ತಾ? ನಾಳೆ ಶ್ರಾವಣ, ಗಾಳಿ ಇಳಿಯುತ್ತೆ. ಬಿಚ್ಚಿಸಿ ಕೊಡ್ತೀನಿ, ಆಮೇಲೆ ನಿಧಾನಕ್ಕೆ ಅಳೀರಿ."