ಪುಸ್ತಕಕ್ಕೆ ಹಚ್ಚಿದ ಕುಂಕುಮ

ಸಿರುಗುಪ್ಪದ ಕಾಲೇಜಿನ ಗ್ರಂಥಪಾಲ ಗವಿಸಿದ್ದೇಶನ ಫಜೀತಿಗೆಲ್ಲ ಮೂಲ ಒಂದು ಕೆಂಪು ಮಾರ್ಕರ್ ಪೆನ್ನು.

ದಸರಾ ರಜೆಗೆ ಮುಂಚೆ ಬಳ್ಳಾರಿಯಲ್ಲಿ ಒಂದು ಮೀಟಿಂಗ್ ಆಗಿತ್ತು. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಮೂರೂ ಊರಿನ ಕಾಲೇಜುಗಳು ಒಂದೇ ಸಂಸ್ಥೆಯವು. ಮೂರೂ ಕಡೆ ಅವೇ ಪುಸ್ತಕ, ಅದೇ ಧೂಳು. ಬಳ್ಳಾರಿಯ ಗ್ರಂಥಪಾಲಕಿ ಮೀನಾಕ್ಷಿ ಮೇಡಂ ಒಂದು ಒಪ್ಪಂದ ಮುಂದಿಟ್ಟರು. ಒಂದು ಪುಸ್ತಕವನ್ನು ಒಬ್ಬರು ಜೋಪಾನ ಮಾಡುವುದು, ಉಳಿದಿಬ್ಬರು ಬೇಕಾದಾಗ ತರಿಸಿಕೊಳ್ಳುವುದು. ಕಾಯುತ್ತೇವೆ ಎಂದು ಒಪ್ಪಿಕೊಂಡ ಪುಸ್ತಕದ ಬೆನ್ನಿಗೆ ಆ ಕಾಲೇಜಿನವರು ಕೆಂಪು ಚುಕ್ಕೆ ಇಡಬೇಕು. ಚುಕ್ಕೆ ಬಿದ್ದದ್ದು ಮತ್ತೆ ಆ ಊರು ಬಿಟ್ಟು ಕದಲಬಾರದು. ಚುಕ್ಕೆ ಇಲ್ಲದ್ದು ಬಳ್ಳಾರಿಗೆ, ಅನುಮಾನ ಬಂದದ್ದು ಇದ್ದಲ್ಲೇ.

ಗವಿಸಿದ್ದೇಶನ ಕಿವಿ ನೆಟ್ಟಗಾದದ್ದು ಇದರ ಬಾಲಕ್ಕೆ. ಎಲ್ಲಿ ಪುಸ್ತಕ ತೀರಾ ಕಡಿಮೆ ಉಳಿಯುತ್ತವೋ ಅಲ್ಲಿನ ಗ್ರಂಥಪಾಲನನ್ನು ಬಳ್ಳಾರಿಗೆ ಬದಲಿ ಮಾಡುವುದು ಎಂದೂ ಅದರಲ್ಲಿತ್ತು. ಅವನ ಮನೆ ಇರುವುದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ವರ್ಷಗಟ್ಟಲೆ ನಸುಕಿನಲ್ಲೆದ್ದು ಸಿರುಗುಪ್ಪದ ಬಸ್ಸು ಹಿಡಿದು, ಕುದುರೆಯ ಹಾಗೆ ನಿಂತಲ್ಲೇ ನಿದ್ದೆ ಮಾಡುವುದನ್ನು ಕಲಿತುಬಿಟ್ಟಿದ್ದ. ಬದಲಿಯ ಸುದ್ದಿ ಕೇಳಿದ್ದೇ ಹೆಂಡತಿ ಶೀಲಾ ಟಿಫಿನ್ ಕ್ಯಾರಿಯರನ್ನು ತೊಳೆದು ಅಟ್ಟಕ್ಕೆ ಏರಿಸಿದ್ದಳು.

ರಜೆಯ ಹಿಂದಿನ ದಿನ ಅವನು ಚುಕ್ಕೆ ಇಟ್ಟದ್ದು ಭತ್ತದ ಬೇಸಾಯದ ಪುಸ್ತಕಗಳಿಗೆ ಮಾತ್ರ. ತುಂಗಭದ್ರೆಯ ನೀರು ಕುಡಿಯುವ ಊರು, ಅಷ್ಟಾದರೂ ಇರಲಿ ಎಂಬ ಮರ್ಯಾದೆಗೆ. ಕಸ ಗುಡಿಸುತ್ತಿದ್ದ ಸುಂಕಮ್ಮ ಇದೇನೆಂದು ಕೇಳಿದಾಗ ಚುಕ್ಕೆಯ ವಿಷಯ, ಬದಲಿಯ ವಿಷಯ ಎಲ್ಲ ಖುಷಿಯಿಂದ ಹೇಳಿದ. ಅವಳು "ಹಂಗೇನ್ರಿ" ಎಂದು ಮೂಲೆ ಗುಡಿಸತೊಡಗಿದಳು. ಆಯುಧಪೂಜೆ ಮಾಡಿಬಿಡು ಎಂದು ಬೀಗದಕೈ ಅವಳಿಗೆ ಕೊಟ್ಟು ಅವನು ಬಸ್ಸು ಹತ್ತಿದ.

ರಜೆ ಮುಗಿದ ಬೆಳಿಗ್ಗೆ ಸುಂಕಮ್ಮನಿಂದ ಬೀಗದಕೈ ಇಸಿದುಕೊಂಡು ಬಾಗಿಲು ತೆಗೆದವನು ಹೊಸ್ತಿಲಲ್ಲೇ ನಿಂತ. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ, ಒಂದೂ ಬಿಡದೆ, ಪ್ರತಿ ಪುಸ್ತಕದ ಬೆನ್ನಿಗೂ ಕುಂಕುಮ. ಇಡೀ ಗ್ರಂಥಾಲಯ ಮದುವೆಗೆ ಹೊರಟ ಮುತ್ತೈದೆಯರ ಹಾಗೆ ಸಾಲಾಗಿ ನಿಂತಿತ್ತು.

"ಸುಂಕಮ್ಮಕ್ಕ, ಏನಿದು?"

"ಪೂಜಿ ಮಾಡಂದ್ರಲ್ರಿ."

"ಪ್ರತಿ ವರ್ಷ ಬಾಗ್ಲಿಗೆ, ಕಪಾಟಿಗೆ ಹಚ್ಚತಿದ್ದಿ."

"ಈ ಸಲ ನೀವ ಪುಸ್ತಕಕ್ಕ ಸುರು ಮಾಡಿದ್ರಿ. ಅರ್ಧಕ್ಕ ಬಿಟ್ಟಿದ್ರಿ, ನಾ ಮುಗಿಸಿನಿ. ಒಣ ಕುಂಕುಮ ಉದುರತೈತಂತ ಕೊಬ್ರಿ ಎಣ್ಣ್ಯಾಗ ಕಲಸಿ ಹಚ್ಚೀನಿ."

ಮಧ್ಯಾಹ್ನ ಮೀನಾಕ್ಷಿ ಮೇಡಂ ಚುಕ್ಕೆ ನೋಡಲು ಬರುವವರಿದ್ದರು. ಗವಿಸಿದ್ದೇಶ ಒದ್ದೆ ಬಟ್ಟೆ ಹಿಡಿದು ಮೊದಲ ಪುಸ್ತಕ ಒರೆಸುವಷ್ಟರಲ್ಲಿ ಅರ್ಥಶಾಸ್ತ್ರದ ನಂದಿನಿ ಮೇಡಂ ಪೇಪರ್ ಓದಲು ಬಂದರು.

"ಅಯ್ಯ, ಹಚ್ಚಿದ ಕುಂಕುಮ ಅಳಸ್ತಾರೇನ್ರಿ? ಬೇಕಾರ ಒಲಿ ಮ್ಯಾಲಿನ ಹಾಲು ಚೆಲ್ರಿ, ಇದನ್ನ ಮಾತ್ರ ಮುಟ್ಟಬ್ಯಾಡ್ರಿ."

ಅವರು ಸ್ಟಾಫ್ ರೂಮಿಗೆ ಹೋಗಿ ಇದನ್ನು ಹೇಳಿದ್ದೇ ತಡ, ಒಬ್ಬೊಬ್ಬರಾಗಿ ಬಂದು ಬುದ್ಧಿ ಹೇಳಿದರು. ಒಬ್ಬರು ಮನೆಯ ಹೆಂಗಸರಿಗೆ ಒಳ್ಳೆಯದಲ್ಲವೆಂದರು. ಇನ್ನೊಬ್ಬರು ಹಲಕುಂದಿ ಮಠಕ್ಕೆ ಹೋಗಿ ಕೇಳಿ ಬಂದು ಆಮೇಲೆ ಒರೆಸು ಎಂದರು. ಮತ್ತೊಬ್ಬರು ಪುಸ್ತಕಗಳಿಗೆ ಕೈಮುಗಿದು ಹೋದರು. ಆ ಕಪಾಟುಗಳ ಹತ್ತಿರ ಅಷ್ಟು ಜನ ಮೇಷ್ಟರು ಒಟ್ಟಿಗೆ ಬಂದದ್ದು ಅದೇ ಮೊದಲು.

ಕೊನೆಗೆ ಸಹಾಯಕ್ಕೆ ಬಂದವನು ಆಟದ ಮಾಸ್ತರ ಹುಲುಗೇಶ್. ಬಾಗಿಲು ಹಾಕಿ, ಜೇಬಿನಿಂದ ಒಂದು ಬಾಟಲಿ ತೆಗೆದ.

"ಅಣ್ಣ, ನೀರಿಗೆ ಎಣ್ಣಿ ಹೋಗಂಗಿಲ್ಲ. ಇದು ಸ್ಪಿರಿಟ್ಟು. ಹುಡುಗ್ರು ಬಿದ್ದು ಮೊಣಕಾಲು ಕೆತ್ತಿಸಿಕೊಂಡ್ರ ಹಚ್ಚದು."

ಇಬ್ಬರೂ ಕಳ್ಳರ ಹಾಗೆ ಉಸಿರು ಬಿಗಿಹಿಡಿದು ಒರೆಸಿದರು. ಕುಂಕುಮವೇನೋ ಕರಗಿತು, ಆದರೆ ಹೋಗಲಿಲ್ಲ. ಹರಡಿತು. ಚುಕ್ಕೆಯಾಗಿದ್ದದ್ದು ಅಂಗೈಯಗಲವಾಯಿತು. ಹುರುಪಿನಲ್ಲಿ ಹುಲುಗೇಶ್ ಭತ್ತದ ಪುಸ್ತಕಗಳಿಗೂ ಕೈ ಹಾಕಿದ್ದ. ಸ್ಪಿರಿಟ್ಟಿಗೆ ಮಾರ್ಕರಿನ ಬಣ್ಣವೂ ಕರಗಿ ಕುಂಕುಮದ ಜೊತೆ ಕೂಡಿಕೊಂಡಿತು. ಯಾವುದು ಗವಿಸಿದ್ದೇಶ ಇಟ್ಟ ಚುಕ್ಕೆ, ಯಾವುದು ಸುಂಕಮ್ಮ ಹಚ್ಚಿದ ಕುಂಕುಮ ಎಂದು ಇನ್ನು ಹೇಳುವವರೇ ಇಲ್ಲ.

ಆಗಲೇ ಬಾಗಿಲು ಬಡಿದ ಸದ್ದಾಯಿತು.

ಮೀನಾಕ್ಷಿ ಮೇಡಂ ಒಳಗೆ ಬಂದರು. ಅವರ ಹಿಂದೆ ಕುರುಗೋಡಿನ ಗ್ರಂಥಪಾಲ ಓಬಣ್ಣ, ಅಂಗಳದಲ್ಲಿ ಅವನ ಟೆಂಪೋ. ಕುರುಗೋಡಿನಲ್ಲಿ ಚುಕ್ಕೆ ಬೀಳದ ಪುಸ್ತಕ ಹೇರಿಕೊಂಡು, ಸಿರುಗುಪ್ಪದವನ್ನೂ ತುಂಬಿಸಿ ಬಳ್ಳಾರಿಗೆ ಹೋಗಲು ಅವನು ಬಂದಿದ್ದ. ಓಬಣ್ಣ ಬನ್ನಿ ಎಲೆ ಕೈಗಿಟ್ಟು ಬಂಗಾರದಂಗ ಇರೋಣ ಎನ್ನುತ್ತಲೇ ಗೆಳೆಯನ ಕೆಂಪಾದ ಅಂಗೈ ನೋಡಿದ.

"ಗವಿ, ಏನಲೇ ಇದು, ಯಾರಿಗೇನ್ ಮಾಡಿ ಬಂದಿ?"

ಮೇಡಂ ಒಂದೊಂದೇ ಕಪಾಟು ನೋಡುತ್ತ ಕೊನೆಯವರೆಗೆ ನಡೆದು, ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಲ್ಲರೂ ಭಾರ ಇಳಿಸಿಕೊಳ್ಳಲು ನೋಡುವಾಗ ಇಡೀ ಗ್ರಂಥಾಲಯವನ್ನೇ ಕಾಯುತ್ತೇನೆ ಎಂದವರನ್ನು ಇವತ್ತೇ ಕಂಡದ್ದು ಎಂದರು.

ಗವಿಸಿದ್ದೇಶನಿಗೆ ಕಾಲ ಕೆಳಗಿನ ನೆಲ ಬಸ್ಸಿನ ಹಾಗೆ ಅಲುಗಾಡಿತು. ನಾಚಿಕೆ ಬಿಟ್ಟು ಇದ್ದದ್ದು ಇದ್ದಂತೆ ಹೇಳಿದ: ಇದು ಪೂಜೆಯ ಕುಂಕುಮ, ತಾನು ಚುಕ್ಕೆ ಇಟ್ಟದ್ದು ಒಂದು ತೋಳಿನಲ್ಲಿ ಹಿಡಿಸುವಷ್ಟಕ್ಕೇ, ತನಗೆ ಬಳ್ಳಾರಿಗೆ ಬರುವುದಿದೆ. ಮೇಡಂ ತಾಳ್ಮೆಯಿಂದ ಕೇಳಿಸಿಕೊಂಡರು.

"ಆಯ್ತು ಗವಿಸಿದ್ದೇಶ್, ಕುಂಕುಮ ಲೆಕ್ಕಕ್ಕಿಲ್ಲ. ನೀವು ಇಟ್ಟ ಚುಕ್ಕಿ ಯಾವ್ಯಾವು, ತೋರಿಸ್ರಿ."

ಅವನು ಹುಲುಗೇಶನನ್ನು ನೋಡಿದ. ಹುಲುಗೇಶ್ ಬಾಟಲಿಯನ್ನು ಬೆನ್ನ ಹಿಂದೆ ಸರಿಸಿದ. ಭತ್ತದವು ಎಂದು ಗವಿಸಿದ್ದೇಶ ಬಾಯಿಮಾತಿನಲ್ಲಿ ಹೇಳಿದ. ಬಾಯಿಮಾತು ನಡೆಯುವುದಿಲ್ಲ, ಗುರುತು ಕಾಣಬೇಕು ಎಂದರು ಮೇಡಂ.

"ಅನುಮಾನ ಬಂದ ಪುಸ್ತಕ ಕಳಿಸಂಗಿಲ್ರಿ, ಇಟ್ಕೋಬೇಕು. ಇದ ನಮ್ಮ ಮೊದಲನೇ ಮಾತು. ಇವಷ್ಟೂ ಇಲ್ಲೇ ಇರಲಿ. ಕಾಯಾಕ ನಿಮ್ಮಂಥೋರು ಬೇಕು."

ಸಿರುಗುಪ್ಪವೇ ಎಲ್ಲವನ್ನೂ ಕಾಯುವುದಾದರೆ ತಾನು ಟೆಂಪೋವನ್ನು ಬಳ್ಳಾರಿವರೆಗೆ ಯಾಕೆ ಒಯ್ಯಲಿ ಎಂದು ಓಬಣ್ಣನಿಗೆ ಅಲ್ಲೇ ಹೊಳೆಯಿತು. ಮೇಡಂ ತಲೆಯಾಡಿಸಿದರು. ಸಂಜೆಯೊಳಗೆ ಕುರುಗೋಡಿನ ಪುಸ್ತಕಗಳೂ ಇಳಿದು, ಗವಿಸಿದ್ದೇಶನ ಮೇಜು ಕುರ್ಚಿ ಜಾಗ ಬಿಟ್ಟುಕೊಟ್ಟು, ಪಡಸಾಲೆಯಲ್ಲಿ ನೀರಿನ ಫಿಲ್ಟರಿನ ಪಕ್ಕಕ್ಕೆ ಬಂದವು.

ಎಲ್ಲರೂ ಹೋದ ಮೇಲೆ ಅವನು ಅಲ್ಲೇ ಕುಳಿತ. ಶೀಲಾಗೆ ಫೋನ್ ಮಾಡಿ ಟಿಫಿನ್ ಕ್ಯಾರಿಯರ್ ಇಳಿಸಿಡು ಎಂದಷ್ಟೇ ಹೇಳಿದ. ಆ ಕಡೆಯಿಂದ ಬಂದದ್ದನ್ನು ಫೋನು ಕಿವಿಯಿಂದ ಗೇಣುದ್ದ ದೂರ ಹಿಡಿದು ಕೇಳಿದ.

ಸುಂಕಮ್ಮ ಚಹಾ ತಂದಿಟ್ಟಳು. ಇನ್ನೊಂದು ಕೈಯಲ್ಲಿ ಕುಂಕುಮದ ಬಟ್ಟಲು.

"ಯಕ್ಕ, ಚುಕ್ಕಿ ಯಾಕ ಇಡತಾರಂತ ನಿನಗ ಅವತ್ತ ಹೇಳಿದ್ನಲ್ಲ. ಮರ್ತಿದ್ದೇನು?"

"ಯಾಕ ಮರೀಲಿ? ಚುಕ್ಕಿ ಬಿದ್ದದ್ದು ಇಲ್ಲಿಂದ ಕದಲಂಗಿಲ್ಲ ಅಂದ್ರಿ." ಅವಳು ಬಟ್ಟಲಿನ ಎಣ್ಣೆಯನ್ನು ಬೆರಳಿನಿಂದ ಕಲಸಿದಳು. "ನೀವು ಬರಾಕಿಂತ ಮುಂಚೆ ಆ ಪುಸ್ತಕದ ಕ್ವಾಣಿಗೆ ಬೀಗ ಇತ್ರಿ. ಮುರುದ ಬೆಂಚು, ಸಿಮೆಂಟಿನ ಚೀಲ, ಪಾರಿವಾಳ. ನೀವು ಹೋದ ಮರದಿನಾನ ಮತ್ತ ಬೀಗ ಹಾಕತಿದ್ರು. ಹುಡುಗ್ರು ಎಲ್ಲಿಗೆ ಹೋಗ್ಬೇಕು? ನಾನರ ಎಲ್ಲಿ ಕಸಾ ಹೊಡೀಲಿ?"

ಗವಿಸಿದ್ದೇಶ ಆ ಕೋಣೆಯ ಬಾಗಿಲ ಕಡೆ ತಿರುಗಿ ನೋಡಿದ. 

"ಪುಸ್ತಕೆಲ್ಲ ಆದ್ವು," ಎಂದಳು ಸುಂಕಮ್ಮ. "ಒಂದು ಉಳದಿತ್ತು." ಹೀಗೆಂದವಳು ತೋರುಬೆರಳನ್ನು ಕುಂಕುಮದಲ್ಲಿ ಅದ್ದಿ, ಅವನ ಹಣೆಗೆ ಗಟ್ಟಿಯಾಗಿ ಒಂದು ಚುಕ್ಕೆ ಒತ್ತಿದಳು.